ಕರೆಪುಡಿ

ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದೆ. ಬೆಳಗಿನ ಬಿಸಿಲು ಇನ್ನೂ ಹೊಸ್ತಿಲು ದಾಟಿರಲಿಲ್ಲ. ನೀಲಿ ಹಿತ್ತಲಿನಿಂದ ಬಂದು ನನ್ನ ಮುಂದೆ ಕೈ ಚಾಚಿ ನಿಂತಳು. ಅವರೆ ಚಪ್ಪರದ ಕೆಳಗೆ ಕಣಜ ಕಚ್ಚಿತ್ತು. ತೋರುಬೆರಳು ಊದಿಕೊಂಡು, ಕೆಂಪು ಮಣಿಕಟ್ಟಿನವರೆಗೆ ಏರಿತ್ತು. ಒಂಬತ್ತು ವರ್ಷದ ಹುಡುಗಿ ಅಳುತ್ತಿರಲಿಲ್ಲ, ಕೆಳತುಟಿಯನ್ನು ಹಲ್ಲಿನಡಿ ಹಿಡಿದುಕೊಂಡಿದ್ದಳು ಅಷ್ಟೆ. ಜರಡಿ ಪಕ್ಕಕ್ಕಿಟ್ಟು, ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿ, ಸುಣ್ಣದ ಡಬ್ಬಿ ತೆಗೆದೆ. ಅವಳ ಬೆರಳಿಗೆ ಸುಣ್ಣ ಮುಟ್ಟಿಸಬೇಕು ಅನ್ನುವಷ್ಟರಲ್ಲಿ ನನ್ನ ಕಾಲು ಎದ್ದವು.

ನಮ್ಮ ಊರಿನಲ್ಲಿ ಕಾಲು ಏಳುವುದೆಂದರೆ ಹೀಗೆಯೇ. ಮೊದಲು ಅಂಗಾಲು ಬೆಚ್ಚಗಾಗುತ್ತದೆ, ಆಮೇಲೆ ಮೀನಖಂಡದಲ್ಲಿ ಯಾರೋ ಮೆಲ್ಲಗೆ ಜಗ್ಗಿದ ಹಾಗೆ. ಎಲ್ಲೋ ಒಬ್ಬರ ಮೈಯಲ್ಲಿ ನಂಜು ಎದ್ದಿದೆ, ಆ ನಂಜು ಕರೆಯುತ್ತಿದೆ ಎಂದು ಅರ್ಥ. ಮೈಮೇಲೆ ಕೆರೆತದ ಗಂಧೆ ಎದ್ದರೆ ನಮ್ಮ ಕೆರೆಬೀದಿಯವರ ಕಾಲು ಏಳುತ್ತವೆ, ದಮ್ಮು ಕಟ್ಟಿದರೆ ಮೇಲಿನ ಬೀದಿಯವರದು. ಯಾವ ಮನೆ ಎಂದು ಯಾರೂ ಹೇಳಬೇಕಿಲ್ಲ, ಕಾಲಿಗೆ ಗೊತ್ತಿರುತ್ತದೆ. ಒಲೆಯ ಮೇಲೆ ಹಾಲಿದ್ದರೆ ಇಳಿಸುವಷ್ಟು ಹೊತ್ತು ತಡೆದುಕೊಳ್ಳಬಹುದು. ಅದಕ್ಕಿಂತ ಹೆಚ್ಚು ತಡೆದವರನ್ನು ನಾನು ಕಂಡಿಲ್ಲ. ಕ್ಷೌರದಂಗಡಿಯಿಂದ ಅರ್ಧ ಮುಖದ ನೊರೆಯೊಂದಿಗೆ ಗಿರಾಕಿಯೂ ಕತ್ತಿ ಹಿಡಿದ ಕೈಯಲ್ಲಿ ಕ್ಷೌರಿಕನೂ ಒಟ್ಟಿಗೆ ಓಡುವುದನ್ನು ನೋಡಿ ನಮ್ಮಲ್ಲಿ ಯಾರೂ ನಗುವುದಿಲ್ಲ. ಮದುವೆಗೆ ಮುಂಚೆ ಅಡುಗೆಯವರು ಬದನೆಕಾಯಿ ಆಗದವರು ಯಾರಿದ್ದಾರೆ ಎಂದು ಮನೆಮನೆ ವಿಚಾರಿಸಿ ಬರುತ್ತಾರೆ, ಇಲ್ಲವಾದರೆ ಮುಹೂರ್ತದ ಹೊತ್ತಿಗೆ ಮಂಟಪದಲ್ಲಿ ಗಂಡೂ ಹೆಣ್ಣೂ ಇರುವುದಿಲ್ಲ. ಹಾಲೂಡಿಸುವ ಬಾಣಂತಿಯ ಕಾಲನ್ನು ಕಂಬಕ್ಕೆ ಹಳೇ ಸೀರೆಯಿಂದ ಕಟ್ಟುತ್ತಾರೆ. ನನ್ನನ್ನೂ ಕಟ್ಟಿದ್ದರು. ಆ ಸೀರೆ ಬಿಚ್ಚಿದ ದಿನವೇ ನನಗೆ ತಿಳಿದದ್ದು, ನನ್ನ ಕಾಲು ಊರಿನ ಎಲ್ಲ ಮಕ್ಕಳ ಕಡೆಗೂ ಓಡುತ್ತವೆ, ತೊಟ್ಟಿಲಲ್ಲಿದ್ದ ನನ್ನ ಮಗಳ ಕಡೆಗೆ ಮಾತ್ರ ಇಲ್ಲ ಎಂದು.

"ಹೋಗವ್ವ, ಸುಣ್ಣ ನಾನೇ ಹಚ್ಕೋತೀನಿ," ಎಂದಳು ನೀಲಿ.

ಡಬ್ಬಿಯನ್ನು ಅವಳ ಮಡಿಲಿಗೆ ಹಾಕಿ ಹೊರಟುಬಿಟ್ಟೆ. ನೀಲಿಯ ಮೈಗೆ ಕರೆ ಇಲ್ಲ. ಅವಳ ಕಾಲಿಗೆ ಕರೆ ತಟ್ಟುವುದೂ ಇಲ್ಲ. ಅವಳ ಅಪ್ಪ ಹೊರಗಿನವರು, ಹೊಳೆಗೆ ಸೇತುವೆ ಕಟ್ಟುವ ಕೆಲಸಕ್ಕೆ ಬಂದವರು. ಅನ್ನ ಬಡಿಸುತ್ತಾ ಬಡಿಸುತ್ತಾ ಸೌಟು ಬಿಟ್ಟು ಎದ್ದುಹೋಗುವ ಹೆಂಡತಿಯ ಜೊತೆ ಬಾಳುವುದು ತಮ್ಮಿಂದ ಆಗದು ಎಂದು, ಸೇತುವೆ ಮುಗಿದ ಮೇಲೆ ಅದರ ಮೇಲೆಯೇ ನಡೆದುಹೋದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಮಗಳ ಮೈಯಲ್ಲಿ ಅವರ ಮೌನ ಉಳಿಯಿತು. ಕರೆಯಿಲ್ಲದ ಮಗುವನ್ನು ಸಾಕುವುದೆಂದರೆ ಸದಾ ನೆನಪಿಟ್ಟುಕೊಳ್ಳುವುದು. ಬೇರೆ ತಾಯಂದಿರು ಮಗುವನ್ನು ಆಟಕ್ಕೆ ಬಿಟ್ಟು ಮರೆತು ಕೂರಬಹುದು, ಏನಾದರೂ ಆದರೆ ಕಾಲು ಹೇಳುತ್ತದೆ. ನಾನು ಬೀಸುವಾಗಲೂ ಬಟ್ಟೆ ಹಿಂಡುವಾಗಲೂ ಈಗ ಅವಳು ಎಲ್ಲಿರಬಹುದು, ಏನು ತಿಂದಿರಬಹುದು ಎಂದು ಯೋಚಿಸುತ್ತಲೇ ಇರಬೇಕು, ನಡುನಡುವೆ ಎದ್ದು ಹೋಗಿ ನೋಡಿ ಬರಬೇಕು. ಶಾಲೆಯಲ್ಲಿ ಇಡೀ ತರಗತಿ ಎದ್ದು ಓಡಿದಾಗ ಅವಳೊಬ್ಬಳೇ ಬೆಂಚಿನ ಮೇಲೆ ಕೂತಿರುತ್ತಾಳಂತೆ. ಅವಳ ಬಾಯಲ್ಲಿ ಒಂದು ಪ್ರಶ್ನೆ ಇದೆ ಎಂದು ನನಗೆ ಎಂದಿನಿಂದಲೋ ಗೊತ್ತಿತ್ತು. ತಲೆ ಬಾಚುವಾಗ, ಮಲಗಿಸುವಾಗ ಅದು ತುದಿನಾಲಗೆಯವರೆಗೂ ಬಂದು ತಿರುಗಿ ಹೋಗುತ್ತಿತ್ತು. ನನಗಾಗಿ ಯಾಕೆ ಯಾರೂ ಬರುವುದಿಲ್ಲ ಎಂದೇ ಕೇಳುತ್ತಾಳೆ ಎಂದು ಒಂದು ಉತ್ತರವನ್ನೂ ಕಟ್ಟಿಟ್ಟುಕೊಂಡಿದ್ದೆ.

ಆ ಬೆಳಿಗ್ಗೆ ಕಾಲು ಕರೆದುಕೊಂಡು ಹೋದದ್ದು ಸಾವಂತ್ರಮ್ಮನ ಮನೆಗೆ. ಅವಳ ಮೊಮ್ಮಗ ಯಾರದೋ ಮನೆಯಲ್ಲಿ ಬದನೆಕಾಯಿ ಎಣ್ಣೆಗಾಯಿ ತಿಂದು ಬಂದಿದ್ದ. ಮೈತುಂಬ ಗಂಧೆ. ಆ ಹುಡುಗನ ಕರೆ ಬಲು ಜೋರು, ಸುಮ್ಮನೆ ಒಂದು ತುತ್ತಿಗೆ ಇಡೀ ಬೀದಿ ಬಂದು ನುಗ್ಗುತ್ತದೆ. ಬಾಗಿಲ ಚೌಕಟ್ಟು ಹೋದ ಸಲವೇ ಕಿತ್ತುಹೋಗಿತ್ತು, ಈ ಸಲ ಜಗಲಿಯ ಕಟ್ಟೆ ಕುಸಿಯಿತು. ಒಬ್ಬರು ಬೀಸುತ್ತಿದ್ದರು, ಒಬ್ಬರು ಕಂಬಳಿ ಹಿಡಿದು ಉಜ್ಜುತ್ತಿದ್ದರು, ಉಜ್ಜಿದ್ದು ಹೆಚ್ಚಾಗಿ ಹುಡುಗನ ಚರ್ಮ ಕಿತ್ತು ಬಂದಿತ್ತು. ಸಾವಂತ್ರಮ್ಮ ಮೂಲೆಯಲ್ಲಿ ನಿಂತು, ಬರೋರು ಬರೋದು ಬತ್ತೀರ, ಕೈಯಾಗೆ ಒಂದೊಂದು ಹಲಗೆ ಹಿಡ್ಕೊಂಡಾದ್ರೂ ಬನ್ರವ್ವ, ನನ್ ಬಾಗ್ಲು ನಾನೇ ಜೋಡಿಸ್ಕೋತೀನಿ ಎನ್ನುತ್ತಿದ್ದಳು.

ಕರೆ ತಣಿದು ಜನ ಕರಗುವ ಹೊತ್ತಿಗೆ ನೀಲಿ ಬಂದಳು. ಅವಳ ರೂಢಿ ಅದು. ಕಾಲು ಎಳೆಯದಿದ್ದರೂ ತಾನಾಗಿ ನಡೆದು ಎಲ್ಲರಿಗಿಂತ ಕೊನೆಗೆ ಬರುತ್ತಾಳೆ. ರೊಟ್ಟಿ ಮಾರುವ ಜೈಬಮ್ಮ ಹಿಟ್ಟಿನ ಕೈಯನ್ನು ಜಾಡಿಸುತ್ತಾ, "ಬಂದ್ಲು ನೋಡ್ರಿ, ಎಲೆ ಎತ್ತಿದ್ ಮ್ಯಾಲೆ ಉಪ್ಪು ಬಡಿಸೋಳು," ಎಂದು ನಕ್ಕಳು. ನೀಲಿ ಅದನ್ನು ಕಿವಿಗೆ ಹಾಕಿಕೊಳ್ಳದೆ ಹುಡುಗನ ಹತ್ತಿರ ಕೂತು, ಕೆರೆತ ಕಮ್ಮಿ ಆಯ್ತಾ, ಉರೀತಾ ಐತಾ ಎಂದು ಕೇಳಿದಳು. ಅಷ್ಟು ಜನ ಬಂದುಹೋಗಿದ್ದರು, ಅದನ್ನು ಯಾರೂ ಕೇಳಿರಲಿಲ್ಲ. ಅವಳ ಕೈ ಮೊಣಕೈವರೆಗೆ ಊದಿರುವುದನ್ನೂ ಯಾರೂ ನೋಡಲಿಲ್ಲ. ನಾನು ನೋಡಿದೆ. ಆಮೇಲೆ ಅವಳ ತುಟಿ ನೋಡಿದೆ. ಅದೂ ಊದತೊಡಗಿತ್ತು.

ಅವಳನ್ನು ಹೆಗಲಿಗೆ ಹಾಕಿಕೊಂಡು ಪೇಟೆಯ ನಡುವೆ ಓಡಿದೆ. ಕೆರೆ ಏರಿಯ ಆಚೆಗಿನ ಲ್ಯಾಬಿನಲ್ಲಿ ನಾನು ಗಾಜಿನ ಪಾತ್ರೆ ತೊಳೆಯುವ ಕೆಲಸಕ್ಕಿದ್ದೆ, ಅಲ್ಲಿಯ ವಾಗ್ದೇವಿ ಮೇಡಂ ಡಾಕ್ಟರಿಕೆ ಓದಿದವರು. ನನ್ನ ಕಿವಿಯ ಪಕ್ಕದಲ್ಲೇ ಮಗಳ ಉಸಿರು ಸೀಟಿ ಊದುತ್ತಿತ್ತು. ದರ್ಜಿ ಗುರುಪಾದಪ್ಪ ತಲೆಯೆತ್ತಲಿಲ್ಲ. ಸೊಪ್ಪಿನವರು ಸೊಪ್ಪಿನ ಕಟ್ಟುಗಳಿಗೆ ನೀರು ಚಿಮುಕಿಸುತ್ತಲೇ ಇದ್ದರು. ಅವರದೇನೂ ತಪ್ಪಲ್ಲ. ಕಾಲು ಹೇಳದಿದ್ದ ಮೇಲೆ ಕಣ್ಣೆತ್ತಿ ನೋಡುವ ಅಭ್ಯಾಸ ನಮ್ಮೂರಿನವರಿಗೆ ಇಲ್ಲ. ಕಾಯಿಲೆಯ ಮಗು ಹೊತ್ತು ಓಡುವ ತಾಯಿಯನ್ನು ಅವರು ಕಂಡೇ ಇರಲಿಲ್ಲ, ತಾಯಿ ಓಡುವ ಮೊದಲೇ ಊರು ಅವಳ ಮನೆಯಲ್ಲಿರುತ್ತದೆ. ಪೇಟೆಯ ಅಷ್ಟು ಜನರ ಮಧ್ಯೆ ನನಗೆ ನಾವಿಬ್ಬರೇ ಬಯಲಿನಲ್ಲಿದ್ದೇವೆ ಅನ್ನಿಸಿತು.

ಮೇಡಂ ತೊಡೆಗೆ ಒಂದು ಸೂಜಿ ಕೊಟ್ಟರು. ನೋಡನೋಡುತ್ತಿದ್ದಂತೆ ಉಸಿರು ತಿಳಿಯಾಯಿತು. ನೀಲಿ ಕಣ್ಣು ಬಿಟ್ಟು ನನ್ನನ್ನು ಹುಡುಕಿ, ಕಂಡ ಮೇಲೆ ಮತ್ತೆ ಮುಚ್ಚಿದಳು. ಇನ್ನೊಂದು ಸಲ ಕಚ್ಚಿದರೆ ಇದಕ್ಕಿಂತ ಜೋರಾಗಿ ಬರಬಹುದು, ಆಗ ನೀವು ಹತ್ತಿರ ಇಲ್ಲದಿದ್ದರೆ ಇಲ್ಲಿಗೆ ಹೊತ್ತು ತರುವವರು ಯಾರು ಎಂದರು ಮೇಡಂ.

ಆ ಲ್ಯಾಬಿನಲ್ಲಿ ಮಾಡುತ್ತಿದ್ದದ್ದು ನಮ್ಮ ಕರೆಯನ್ನೇ. ಮೇಡಂ ಅದನ್ನು ಕೀಮೋಕೈನ್ ಅನ್ನುತ್ತಿದ್ದರು, ಪಾತ್ರೆ ತೊಳೆಯುವ ನಾವು ಕರೆಪುಡಿ ಅನ್ನುತ್ತಿದ್ದೆವು. ಗಂಧೆ ಎದ್ದ ಮೈ ಹೊರಡಿಸುವ ಪ್ರೋಟೀನು ಅದು. ಅದನ್ನು ಮಾಡುವ ವಿದ್ಯೆಯನ್ನು ಮನುಷ್ಯನಿಂದ ತೆಗೆದು ಕಣ್ಣಿಗೆ ಕಾಣದ ಕ್ರಿಮಿಗಳೊಳಗೆ ಸೇರಿಸುತ್ತಾರೆ, ಕ್ರಿಮಿಗಳನ್ನು ದೊಡ್ಡ ಹೂಜಿಗಳಲ್ಲಿ ತಿಳಿಸಾರಿನಂಥ ನೀರಿನಲ್ಲಿ ಬೆಚ್ಚಗಿಟ್ಟು ಬೆಳೆಸುತ್ತಾರೆ. ಅವು ತಮಗೆ ಬೇಡದ ನಮ್ಮ ಕರೆಯನ್ನು ಮಾಡಿ ಗುಡ್ಡೆ ಹಾಕುತ್ತವೆ. ಆಮೇಲೆ ಸೋಸಿ, ತೊಳೆದು, ಒಣಗಿಸಿದರೆ ಸೀಸೆಯ ತಳದಲ್ಲಿ ಚಿಟಿಕೆ ಬಿಳಿಪುಡಿ, ಮನುಷ್ಯರ ಮೈಯೊಳಗೆ ಹೋಗುವವರೆಗೂ ಅದು ಯಾರನ್ನೂ ಕರೆಯುವುದಿಲ್ಲ. ಹೂಜಿ ತೊಳೆಯುವಾಗ ಹಳಸಿದ ಅಂಬಲಿಯ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಸಾವಂತ್ರಮ್ಮನ ಮೊಮ್ಮಗನಂಥವರ ಕರೆಯನ್ನು ತಗ್ಗಿಸುವ ಔಷಧಿ ಹುಡುಕಬೇಕಾದರೆ, ಮೊದಲು ಕರೆಯನ್ನು ಕೈಯಲ್ಲಿ ಹಿಡಿದು ಬೇಕಾದಷ್ಟೇ ಅಳೆದು ಕೊಡುವುದು ಬರಬೇಕು ಎಂದು ಮೇಡಂ ಹೇಳುತ್ತಿದ್ದರು. ಅವರು ಹೊರಗಿನವರು, ಅವರ ಕಾಲೂ ಏಳುವುದಿಲ್ಲ.

ನೀಲಿ ಮಲಗಿದ್ದಾಗ ಮೇಡಂ ನನ್ನನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಸಣ್ಣ ತೂತುಗಳ ಒಂದು ಪೊರೆ. ಅದರ ಒಂದು ಕಡೆ ನಮ್ಮಂಥವರ ರಕ್ತದಿಂದ ತೆಗೆದ ಬಿಳಿ ಕಣಗಳು, ಇನ್ನೊಂದು ಕಡೆ ನೀರಿನಲ್ಲಿ ಕರಗಿಸಿದ ಕರೆಪುಡಿ. ಕಣಗಳು ಮೊದಲು ಸುಮ್ಮನಿದ್ದವು. ಆಮೇಲೆ ಒಂದು ಕಣ ಮೈ ಮುರಿದ ಹಾಗೆ ಮಾಡಿ, ಅಂಚು ಚಾಚಿ, ತೂತಿನೊಳಗೆ ತೂರಿಕೊಂಡಿತು. ಅದರ ಹಿಂದೆ ಇನ್ನೊಂದು. ನೂಕಾಡುತ್ತಾ, ಒಂದರ ಮೇಲೊಂದು ಬೀಳುತ್ತಾ ಎಲ್ಲವೂ. ನಮ್ಮ ಬೀದಿಯೇ ಅಲ್ಲಿತ್ತು.

ಪುಡಿಯನ್ನು ಪರೀಕ್ಷಿಸಲು ಮೇಡಂಗೆ ನೀಲಿ ಬೇಕಾಗಿದ್ದಳು. ಬೇರೆ ಯಾರ ಚರ್ಮಕ್ಕೆ ಕರೆಪುಡಿ ಮುಟ್ಟಿಸಿದರೂ ಅವರ ಸ್ವಂತ ಕರೆ ಅದರೊಂದಿಗೆ ಬೆರೆತುಬಿಡುತ್ತದೆ. ನೀಲಿಯ ಮೈ ಮಾತ್ರ ಖಾಲಿ ಕೊಡದಂತೆ, ಹಾಕಿದ್ದಷ್ಟೇ ಸದ್ದು ಮಾಡುತ್ತದೆ. ತೋಳಿನ ಮೇಲೆ ಒಂದು ಹನಿ, ಅದರ ಮೇಲೆ ಸೂಜಿಯ ಒಂದು ಚುಚ್ಚು. ಜನ ಬಂದರೆ ಪುಡಿ ಸರಿಯಾಗಿದೆ ಎಂದಾಯಿತು. ಬಂದರೆ, ನೀಲಿಗೂ ಒಂದು ಪುಟ್ಟ ಸೀಸೆ ಕೊಡುತ್ತೇನೆ, ಕುತ್ತಿಗೆಗೆ ಕಟ್ಟಿಕೊಂಡಿರಲಿ, ಉಸಿರು ಕಟ್ಟಿದರೆ ತಾನೇ ಚುಚ್ಚಿಕೊಂಡು ಊರನ್ನು ಕರೆಯಬಹುದು, ಬಂದವರಲ್ಲಿ ಒಬ್ಬರಾದರೂ ನನ್ನಲ್ಲಿಗೆ ಹೊತ್ತು ತರುತ್ತಾರೆ ಎಂದರು. ಅವಳನ್ನೇ ಕೇಳಿ, ಅವಳು ಬೇಡ ಎಂದರೆ ಬೇಡ ಎಂದೂ ಹೇಳಿದರು.

ಕೇಳಿದೆವು. ನೀಲಿ ನೋವಾಗುತ್ತದೆಯೇ ಎಂದು ವಿಚಾರಿಸಲಿಲ್ಲ. ಎಲ್ಲರೂ ಬರುತ್ತಾರೆಯೇ ಎಂದು ವಿಚಾರಿಸಿದಳು. ಕೆರೆಬೀದಿಯವರೆಲ್ಲ ಬರುತ್ತಾರೆ ಎಂದು ಮೇಡಂ ಹೇಳಿದ ಮೇಲೆ ನನ್ನ ಮುಖ ನೋಡಿ ಆಗಲಿ ಎಂದು ತಲೆಯಾಡಿಸಿದಳು.

ಪರೀಕ್ಷೆಯ ದಿನ ನೀಲಿಗೆ ಎಣ್ಣೆ ನೀರು ಹಾಕಿ, ಎರಡು ಜಡೆ ಹೆಣೆದು, ಹಬ್ಬಕ್ಕೆಂದು ಹೊಲಿಸಿದ್ದ ಲಂಗ ಉಡಿಸಿದೆ. ಜಗಲಿ ಗುಡಿಸಿ ಚಾಪೆ ಹಾಸಿದೆ. ಬರುವವರಿಗೆಂದು ಕೊಡದ ತುಂಬ ಪಾನಕ ಮಾಡಿಟ್ಟೆ, ಕರೆಗೆ ಬಂದವರು ನೀರನ್ನೂ ಮುಟ್ಟುವುದಿಲ್ಲ ಎಂಬುದು ಗೊತ್ತಿದ್ದೂ. ಮೇಡಂ ಮನೆಗೆ ಬಂದು ಪೆಟ್ಟಿಗೆ ತೆರೆದು ಸೀಸೆ ತೆಗೆದಿಟ್ಟರು. ನೀವು ಅವಳ ಪಕ್ಕದಲ್ಲೇ ಕೂತಿರಿ ಎಂದರು. ನಾನು ಲ್ಯಾಬಿಗೆ ಹೋಗಿಬರುತ್ತೇನೆ, ತೊಳೆಯುವ ಹೂಜಿಗಳು ಉಳಿದಿವೆ ಎಂದೆ.

ಹೂಜಿಗಳು ಉಳಿದಿದ್ದದ್ದು ನಿಜ. ಆದರೆ ಅವು ಮಾರನೆಯ ದಿನಕ್ಕೂ ಕಾಯುತ್ತಿದ್ದವು. ಪಕ್ಕದಲ್ಲೇ ಕೂತರೆ ಕಾಲು ಎಲ್ಲಿಗೆ ಏಳಬೇಕು? ಊರಿನ ಅಷ್ಟೂ ತಾಯಂದಿರಿಗೆ ಗೊತ್ತಿರುವ ಒಂದು ಸುಖ ನನಗೆ ಗೊತ್ತಿರಲಿಲ್ಲ. ಸ್ವಂತ ಮಗು ಕರೆದಾಗ ಮೀನಖಂಡ ಹೇಗೆ ಜಗ್ಗುತ್ತದೆ, ಬೇರೆಯವರ ಮಕ್ಕಳು ಕರೆದಾಗಿನ ಹಾಗೆಯೇ ಇರುತ್ತದೆಯೋ ಇನ್ನೂ ಸಿಹಿಯಾಗಿರುತ್ತದೆಯೋ, ಒಂದೇ ಒಂದು ಸಲ ತಿಳಿಯಬೇಕಿತ್ತು. ಅದಕ್ಕೆ ದೂರ ಇರಬೇಕಿತ್ತು. ನೀಲಿ ನನ್ನ ಸೆರಗಿನ ತುದಿ ಹಿಡಿದಿದ್ದಳು. ನಾನು ಎದ್ದಾಗ ಬಿಟ್ಟಳು.

ಕೆರೆ ಏರಿಯ ಮೇಲೆ ಬೇಗಬೇಗ ನಡೆದೆ. ತಿರುಗಿ ನೋಡಲಿಲ್ಲ. ಹೂಜಿಯೊಳಗೆ ಬ್ರಷ್ ತಿರುವುತ್ತಾ ಅಂಗಾಲಿನ ಮೇಲೆಯೇ ಗಮನವಿಟ್ಟು ನಿಂತೆ, ಬಾಗಿಲು ತಟ್ಟುವುದನ್ನು ಕಾಯುವವರ ಹಾಗೆ. ಒಮ್ಮೆ ಬೆಚ್ಚಗಾದಂತೆ ಅನ್ನಿಸಿತು, ನೋಡಿದರೆ ಕಿಟಕಿಯ ಬಿಸಿಲು. ಪುಡಿ ಕೆಟ್ಟಿದೆಯೇನೋ, ಅಥವಾ ನನ್ನ ಮಗಳ ಮೈ ಬೇರೆಯವರ ದನಿಯನ್ನೂ ನುಂಗಿಬಿಡುತ್ತದೆಯೇನೋ ಎಂದು ಹೆದರಿಕೆಯಾಯಿತು. ಆಗ ಬಂತು.

ಬ್ರಷ್ ಎಲ್ಲಿ ಬಿತ್ತೋ ತಿಳಿಯದು. ಸೋಪಿನ ಕೈಯಲ್ಲೇ ಓಡುತ್ತಿದ್ದೆ. ಬೇರೆಯವರ ಕರೆಗೆ ಓಡುವಾಗ ಮನಸ್ಸು ಹಿಂದೆ ಉಳಿದು ಒಲೆಯನ್ನೋ ಹಿಟ್ಟನ್ನೋ ನೆನೆಯುತ್ತಿರುತ್ತದೆ. ಈಗ ಎಲ್ಲವೂ ಒಂದೇ ದಿಕ್ಕಿಗೆ ಓಡಿತು. ಗುರುಪಾದಪ್ಪ ಕುತ್ತಿಗೆಯಲ್ಲಿ ಟೇಪು ತೂಗಾಡಿಸುತ್ತಾ ಅಂಗಡಿಯಿಂದ ಇಳಿದು ನನ್ನನ್ನು ದಾಟಿ ಓಡಿದ. ಸೊಪ್ಪಿನವರು, ಬಳೆಯವರು, ಅರ್ಧ ನೊರೆಯ ಮುಖದವರು ನಾಲ್ಕೂ ದಿಕ್ಕಿನಿಂದ ಕೂಡಿಕೊಂಡರು. ಜೈಬಮ್ಮ ಏದುಸಿರು ಬಿಡುತ್ತಾ, ಇದ್ಯಾರ ಮನೆ ಕಡೆ ಎಳೀತಾ ಐತೆ, ಈ ಸಂದಿಗೆ ನಾನು ಬಂದೇ ಇಲ್ವಲ್ಲ ಎಂದಳು.

"ನಮ್ಮನೆ," ಎಂದೆ ನಾನು. "ನಮ್ ನೀಲಿ ಕರೀತಾವ್ಳೆ."

ಹೇಳುವಾಗ ನನಗೆ ನಗುವೂ ಬಂತು, ಕಣ್ಣೀರೂ ಬಂತು. ಜೈಬಮ್ಮ ಓಡುತ್ತಲೇ ನನ್ನ ಬೆನ್ನಿಗೆ ಹಿಟ್ಟಿನ ಕೈಯಿಂದ ಒಂದು ಏಟು ಕೊಟ್ಟು, ಕೊನೆಗೂ ಬಾಯ್ಬಿಟ್ಲಾ ನಿನ್ ಮೂಗಿ ಎಂದಳು.

ನಾನು ತಲುಪುವಷ್ಟರಲ್ಲಿ ಮನೆ ತುಂಬಿತ್ತು. ಹತ್ತಿರದವರು ಮೊದಲು ಬಂದಿದ್ದರು, ದೂರದಲ್ಲಿದ್ದ ನನಗೆ ಸಿಕ್ಕಿದ್ದು ಹಿಂದಿನ ಸಾಲು. ನೂಕಿದೆ, ತೂರಿಕೊಂಡೆ, ಬೆನ್ನುಗಳು ಬಿಡಲಿಲ್ಲ. ಯಾರದೋ ಹೆಗಲು ಮತ್ತು ಕಂಬದ ನಡುವೆ ಮಗಳು ಕಂಡಳು. ಚಾಪೆಯ ಮೇಲೆ ತೋಳು ಚಾಚಿ ಕೂತಿದ್ದಳು. ಸಾವಂತ್ರಮ್ಮ ಆ ತೋಳನ್ನು ಹಿಡಿದು ಊದುತ್ತಿದ್ದಳು, ಇನ್ನೊಬ್ಬಳು ಅರಿಶಿನ ಹಚ್ಚುತ್ತಿದ್ದಳು, ಗುರುಪಾದಪ್ಪ ಟವೆಲಿನಿಂದ ಬೀಸುತ್ತಿದ್ದ. ಎಲ್ಲರ ಕಣ್ಣೂ ಸೂಜಿ ಚುಚ್ಚಿದಲ್ಲಿ ಎದ್ದಿದ್ದ ಕಡಲೆಕಾಳಿನಷ್ಟು ದಪ್ಪದ ಗುಳ್ಳೆಯ ಮೇಲಿತ್ತು. ನೀಲಿ ಮೊದಮೊದಲು ಒಬ್ಬೊಬ್ಬರ ಮುಖ ನೋಡಿ ನಗುತ್ತಿದ್ದಳು. ಹೊಸ ಲಂಗವನ್ನು ನೆರಿಗೆ ಸರಿಮಾಡಿ ಹರವಿಕೊಂಡಳು. ಸಾವಂತ್ರಮ್ಮನಿಗೆ ಏನೋ ಹೇಳಿದಳು, ಬಹುಶಃ ನಿನ್ನ ಮೊಮ್ಮಗ ಹೇಗಿದ್ದಾನೆ ಎಂದೇ ಇರಬೇಕು. ಸಾವಂತ್ರಮ್ಮ ಊದುತ್ತಲೇ ಇದ್ದಳು. ಆಮೇಲೆ ನೀಲಿ ಜನರ ನಡುವೆ ಯಾರನ್ನೋ ಹುಡುಕತೊಡಗಿದಳು. ಅವಳ ಕಣ್ಣು ಮುಂದಿನ ಸಾಲು ದಾಟಿ, ನಡುವಿನ ಸಾಲು ದಾಟಿ, ನನ್ನ ಮೇಲೆ ಬಂದು ನಿಂತಿತು. ಆಗ ನನ್ನ ಮುಖ ಹೇಗಿತ್ತೋ ನನಗೆ ಕಾಣಲಿಲ್ಲ. ಅವಳಿಗೆ ಕಂಡಿತು. ನನ್ನ ಕಣ್ಣೂ ಆ ಗುಳ್ಳೆಯ ಮೇಲೆಯೇ ಇತ್ತು ಎಂಬುದು ನನಗೆ ಆಮೇಲೆ ಹೊಳೆಯಿತು.

ಒಂದು ಹನಿ ಎಷ್ಟು ಹೊತ್ತು ಇದ್ದೀತು. ಜಗ್ಗು ಸಡಿಲವಾಯಿತು. ಜನ ನಿದ್ದೆಯಿಂದ ಎದ್ದವರಂತೆ ಕಣ್ಣುಜ್ಜಿಕೊಂಡರು. ಜೈಬಮ್ಮ ಹೆಂಚಿನ ಮೇಲೆ ಬಿಟ್ಟು ಬಂದ ರೊಟ್ಟಿಯನ್ನು ನೆನೆದು ಬೈದುಕೊಳ್ಳುತ್ತಾ ಹೋದಳು. ನಾನು ಲೋಟಗಳಿಗೆ ಪಾನಕ ಬಗ್ಗಿಸುವಷ್ಟರಲ್ಲಿ ಅಂಗಳ ಖಾಲಿ. ಮೇಡಂ ತುಂಬಾ ಸಂತೋಷಪಟ್ಟರು. ಪುಡಿ ಹದವಾಗಿದೆ, ಸೀಸೆ ನಾಳೆಯೇ ಕೊಡುತ್ತೇನೆ, ಇನ್ನು ನೀವು ನಿಶ್ಚಿಂತೆಯಿಂದ ಇರಬಹುದು, ಹೊತ್ತುಹೊತ್ತಿಗೆ ಹೋಗಿ ನೋಡಿಕೊಂಡು ಬರುವ ಕಷ್ಟ ತಪ್ಪಿತು ಎಂದು ನನಗೆ ಹೇಳಿ, ನೀಲಿಯ ಕೆನ್ನೆ ಸವರಿ, ಪೆಟ್ಟಿಗೆ ಎತ್ತಿಕೊಂಡು ಹೊರಟರು.

ನಾವಿಬ್ಬರೇ ಉಳಿದೆವು. ಚಾಪೆ ಮುದುಡಿತ್ತು. ಜಗಲಿಯ ಮೇಲೆಲ್ಲ ಮಣ್ಣಿನ ಹೆಜ್ಜೆಗಳು. ನಾನು ಒಂದು ಲೋಟ ಪಾನಕವನ್ನು ಅವಳ ಕೈಗೆ ಕೊಟ್ಟು ಪಕ್ಕದಲ್ಲಿ ಕೂತೆ. ನನ್ನ ಕೈಯ ಸೋಪು ಒಣಗಿ ಬಿಳಿಯಾಗಿ ಚರ್ಮ ಬಿಗಿಯುತ್ತಿತ್ತು. ಎಷ್ಟೊಂದು ಜನ ಬಂದ್ರು ನೋಡಿದ್ಯಾ, ಗುರುಪಾದಪ್ಪ ಟೇಪು ಸಮೇತ ಓಡಿಬಂದಿದ್ದ ಎಂದು ನಗಿಸಲು ನೋಡಿದೆ. ಇನ್ನು ನಿನಗೇನಾದರೂ ಆದರೆ ನಾನೂ ಎಲ್ಲಿದ್ದರೂ ಓಡಿಬರ್ತೀನಿ, ನಾನು ಮರೆತರೂ ನನ್ನ ಕಾಲು ಮರೆಯಲ್ಲ ಎಂದೆ. ಆ ಮಾತು ಬಾಯಿಂದ ಹೊರಬಿದ್ದ ಮೇಲೆ ನನ್ನ ಕಿವಿಗೇ ಸರಿಬರಲಿಲ್ಲ.

ನೀಲಿ ಪಾನಕ ಕುಡಿಯಲಿಲ್ಲ. ಲೋಟವನ್ನು ಚಾಪೆಯ ಮೇಲಿಟ್ಟು ಗುಳ್ಳೆಯನ್ನು ಬೆರಳಿನಿಂದ ಮುಚ್ಚಿಕೊಂಡಳು, ತೆಗೆದಳು, ಮತ್ತೆ ಮುಚ್ಚಿಕೊಂಡಳು. ಅವಳ ಗಂಟಲಿನಲ್ಲಿ ಆ ಪ್ರಶ್ನೆ ಏಳುವುದು ನನಗೆ ಕಂಡಿತು. ಈ ಸಲ ಅದು ತಿರುಗಿ ಹೋಗುವುದಿಲ್ಲ ಎಂದು ಗೊತ್ತಾಗಿ, ಕಟ್ಟಿಟ್ಟುಕೊಂಡಿದ್ದ ಉತ್ತರವನ್ನು ನಾಲಗೆಗೆ ತಂದುಕೊಂಡೆ. ಅವಳು ನನ್ನ ಕಡೆ ಪೂರ್ತಿ ತಿರುಗಿ ಕೂತಳು. ಕೇಳಿದ್ದು ಬೇರೆ ಪ್ರಶ್ನೆಯನ್ನು.

"ಅವ್ವ, ಇವತ್ತು ನೀನು ಬಂದಿದ್ದಾ, ನಿನ್ ಕಾಲು ಬಂದಿದ್ದಾ?"